80 ಪುಟ ಓದಿ ಐದು ನಕ್ಷತ್ರ ಕೊಟ್ಟೆ: ಯಂತ್ರ ಡ್ರ್ಯಾಗನ್‌ಗಳ ಕಾದಂಬರಿ ಕೊಳ್ಳುವ ಮುನ್ನ

ಆ ಕಾದಂಬರಿಗೆ ನಾನು ಐದು ನಕ್ಷತ್ರ ಕೊಟ್ಟಾಗ ಓದಿದ್ದು 80 ಪುಟ. ಪುಸ್ತಕದಲ್ಲಿರುವುದು 500ಕ್ಕೂ ಮಿಕ್ಕಿದ ಪುಟಗಳು. ನನ್ನ ಅಭಿಪ್ರಾಯ ನಂಬಿ ಗೆಳತಿಯೊಬ್ಬಳು ಅದನ್ನು ಕೊಂಡು ತನ್ನ ಹನ್ನೊಂದು ವರ್ಷದ ಮಗಳ ಕೈಗಿಟ್ಟಳು. ಹನ್ನೆರಡನೆಯ ಅಧ್ಯಾಯ ಓದಿದ ರಾತ್ರಿಯಿಂದ ಮಗು ದೀಪ ಆರಿಸಲು ಬಿಡುತ್ತಿಲ್ಲ ಎಂದು ಅವಳು ಫೋನ್ ಮಾಡಿದಾಗ ನಾನಿನ್ನೂ ಒಂಬತ್ತನೆಯ ಅಧ್ಯಾಯದಲ್ಲಿದ್ದೆ. ಇದನ್ನು ಬರೆಯುತ್ತಿರುವುದು ಅದಕ್ಕೇ.

ಪುಸ್ತಕದ ಹೆಸರು ಹಾಕುತ್ತಿಲ್ಲ. ಬರೆದವರ ಮೇಲೆ ಜನ ಮುಗಿಬೀಳುವುದು ನನಗೆ ಬೇಡ. ಓದಿದವರಿಗೆ ಕೆಳಗಿನ ವಿವರದಿಂದಲೇ ಗುರುತು ಸಿಗುತ್ತದೆ. ಹನ್ನೆರಡನೆಯ ಅಧ್ಯಾಯದ ಗುಟ್ಟನ್ನೂ ಬೇಕೆಂದೇ ಬಿಚ್ಚಿಡುತ್ತೇನೆ, ಏಕೆಂದರೆ ಅದನ್ನು ಮುಚ್ಚಿಟ್ಟದ್ದರಿಂದಲೇ ಇಷ್ಟೆಲ್ಲ ಆಯಿತು.

ಮೊದಲ 80 ಪುಟ ನಿಜಕ್ಕೂ ಚೆನ್ನಾಗಿವೆ. ಕಾರ್ಖಾನೆಯಲ್ಲಿ ಕೆಲಸ ಕಲಿಯುವ ಹುಡುಗಿಯೊಬ್ಬಳು ಎಣ್ಣೆಡಬ್ಬಿ ಹಿಡಿದು ಹಿತ್ತಾಳೆಯ ಡ್ರ್ಯಾಗನ್ನಿನ ಪಕ್ಕೆಲುಬಿನೊಳಗೆ ನುಸುಳುತ್ತಾಳೆ. ಯಾವ ಕವಾಟ ಸೋರುತ್ತಿದೆ ಎಂಬುದನ್ನು ಸದ್ದಿನಲ್ಲೇ ಹೇಳಬಲ್ಲಳು. ಒಂದೊಂದೇ ಹುರುಪೆ ಕಳಚಿ ಒರೆಸಿ ಮತ್ತೆ ತಿರುಪು ಹಾಕುವ ಒಂದು ದೃಶ್ಯವನ್ನು ನಾನು ಎರಡು ಸಲ ಓದಿದೆ. ಉಗಿಯಂತ್ರಗಳ ಕಾಲವನ್ನೇ ಹಿಡಿದು ಕಲ್ಪನೆಯ ಲೋಕ ಕಟ್ಟುವ ಸ್ಟೀಮ್‌ಪಂಕ್ ಕಥೆ ನನಗೆ ಹಿಡಿಸುವುದೇ ಇಂಥ ಕಡೆ. ಆ ಹೆಸರು ಹುಟ್ಟಿದ್ದು 1987ರಲ್ಲಿ, ಲೇಖಕ ಕೆ. ಡಬ್ಲ್ಯೂ. ಜೀಟರ್ ವೈಜ್ಞಾನಿಕ ಕಥೆಗಳ ‘ಲೋಕಸ್’ ಪತ್ರಿಕೆಗೆ ಬರೆದ ಪತ್ರದಲ್ಲಿ. ಆದರೆ ಅದರ ಹಿಂದಿರುವ ಆಸೆ ಹಳೆಯದು: ಚರಿತ್ರೆ ಹಿಡಿಯದೆ ಬಿಟ್ಟ ದಾರಿಯಲ್ಲಿ ಒಂದು ಸುತ್ತು ನಡೆದು ನೋಡುವುದು. ಇಂಗ್ಲಿಷ್ ಗಣಿತಜ್ಞ ಚಾರ್ಲ್ಸ್ ಬ್ಯಾಬೇಜ್ 1840ರ ದಶಕದ ಕೊನೆಗೆ ನಕ್ಷೆ ಬರೆದಿಟ್ಟ ಎರಡನೆಯ ಡಿಫರೆನ್ಸ್ ಎಂಜಿನ್ ಎಂಬ ಲೆಕ್ಕದ ಯಂತ್ರ ಅವನ ಕಾಲದಲ್ಲಿ ತಯಾರಾಗಲೇ ಇಲ್ಲ. ಲಂಡನ್ನಿನ ಸೈನ್ಸ್ ಮ್ಯೂಸಿಯಂ 1991ರಲ್ಲಿ ಅದರ ಲೆಕ್ಕ ಮಾಡುವ ಭಾಗವನ್ನು ಕಟ್ಟಿತು, ಹಲ್ಲುಚಕ್ರಗಳು ತಿರುಗಿ ಲೆಕ್ಕ ಸರಿಯಾಗಿಯೇ ಬಂತು. ಇಂಥದ್ದು ಓದಿದವರಿಗೆ ಉಗಿಯ ಡ್ರ್ಯಾಗನ್ ಕೂಡ ಇನ್ನೇನು ಎದ್ದು ಬರಬಹುದು ಎನಿಸುತ್ತದೆ. ಆ ಹುಮ್ಮಸ್ಸಿನಲ್ಲೇ ಅಂದು ರಾತ್ರಿ ಅಭಿಪ್ರಾಯ ಬರೆದೆ. “ಡ್ರ್ಯಾಗನ್ ಪ್ರಿಯರೆಲ್ಲ, ದೊಡ್ಡವರು ಚಿಕ್ಕವರು ಎನ್ನದೆ ಓದಲೇಬೇಕಾದದ್ದು” ಎಂಬುದು ನನ್ನದೇ ಸಾಲು.

ತೊಂದರೆ ಶುರುವಾದದ್ದು ಡ್ರ್ಯಾಗನ್ ಹಾರಿದ ಮೇಲೆ. ಅದು ಮೂರು ಹಗಲು ಮೂರು ರಾತ್ರಿ ಸಮುದ್ರದ ಮೇಲೆ ಹಾರುತ್ತದೆ, ಎಲ್ಲಿಯೂ ನೀರು ತುಂಬಿಸಿಕೊಳ್ಳುವುದಿಲ್ಲ. ಉಗಿ ಎಂಜಿನ್ನಿಗೆ ಕಲ್ಲಿದ್ದಲಿನಷ್ಟೇ ನೀರಿನ ದಾಹವೂ ಇರುತ್ತದೆ; ರೈಲುಗಳು ದಾರಿಯುದ್ದಕ್ಕೂ ನೀರಿಗಾಗಿ ನಿಲ್ಲುತ್ತಿದ್ದುದು ಸುಮ್ಮನೆ ಅಲ್ಲ. ಉಗಿಯ ಬಲದಿಂದ ಹಾರಲು ಹೊರಟ ಹಲವರನ್ನು ಸೋಲಿಸಿದ್ದು ಎಂಜಿನ್, ಇದ್ದಲು, ನೀರು ಇವುಗಳ ಭಾರವೇ. 1852ರಲ್ಲಿ ಆನ್ರಿ ಜಿಫಾರ್ ಉಗಿ ಎಂಜಿನ್ ಕಟ್ಟಿದ ವಾಯುನೌಕೆಯಲ್ಲಿ ಪ್ಯಾರಿಸಿನಿಂದ ಸುಮಾರು 27 ಕಿಲೋಮೀಟರ್ ಹೋದ, ಆದರೆ ಆ ಮೂರು ಅಶ್ವಶಕ್ತಿಯ ಎಂಜಿನ್ನಿಗೆ ಗಾಳಿಗೆದುರಾಗಿ ಹಿಂದಿರುಗುವ ತ್ರಾಣವಿರಲಿಲ್ಲ. 1890ರಲ್ಲಿ ಕ್ಲೆಮಾಂ ಆಡೇರನ ಬಾವಲಿರೆಕ್ಕೆಯ ಉಗಿಯಂತ್ರ ನೆಲಬಿಟ್ಟು ಸುಮಾರು 50 ಮೀಟರ್ ಕುಪ್ಪಳಿಸಿತು, ಅಷ್ಟೇ. ಕಾದಂಬರಿ ಪಠ್ಯಪುಸ್ತಕವಾಗಲಿ ಎಂದು ನಾನು ಕೇಳುತ್ತಿಲ್ಲ. ಮಾಯೆ ಎಂದರೆ ಒಪ್ಪಿಕೊಳ್ಳುತ್ತೇನೆ. ಆದರೆ ಕವಾಟದ ಸೋರಿಕೆಗೆ ಎರಡು ಪುಟ ಕೊಟ್ಟ ಪುಸ್ತಕ ಮುಂದೆ ನೀರನ್ನೇ ಮರೆತರೆ, ಮೊದಲು ಕೊಟ್ಟ ಮಾತಿನ ಗತಿಯೇನು?

ಮರೆತಿರಲಿಲ್ಲ ಎಂದು ಹನ್ನೆರಡನೆಯ ಅಧ್ಯಾಯದಲ್ಲಿ ಗೊತ್ತಾಗುತ್ತದೆ. ಈ ಡ್ರ್ಯಾಗನ್‌ಗಳು ಓಡುವುದು ಕಲ್ಲಿದ್ದಲಿನಿಂದಲೇ ಅಲ್ಲ. ಒಳಗೆ ಉರಿಯುವುದು ಮಕ್ಕಳ ಪ್ರಾಣ. ಅನಾಥಾಲಯದಿಂದ ತಂದ ಮಕ್ಕಳನ್ನು ಹೇಗೆ ಯಂತ್ರಕ್ಕೆ ಒಪ್ಪಿಸುತ್ತಾರೆ ಎಂಬುದನ್ನು ಪುಸ್ತಕ ಆರೇಳು ಪುಟ ಬಿಡದೆ ವರ್ಣಿಸುತ್ತದೆ. ಅದರಲ್ಲೊಂದು ಮಗು ತನ್ನ ತಂಗಿಯನ್ನು ಹೆಸರು ಹಿಡಿದು ಕರೆಯುತ್ತದೆ. ಗೆಳತಿಯ ಮಗಳಿಗೂ ತಂಗಿಯಿದ್ದಾಳೆ. ಇನ್ನು ಹೆಚ್ಚು ಬರೆಯಲಾರೆ.

ಇಂಥ ವಿಷಯ ಬರೆಯಬಾರದು ಎನ್ನುತ್ತಿಲ್ಲ. ಉಗಿಯ ಯುಗ ಮಕ್ಕಳ ಬೆವರಿನ ಮೇಲೂ ನಿಂತಿತ್ತು. ಬ್ರಿಟನ್ನಿನ ಗಣಿಗಳಲ್ಲಿ ನೆಲದಡಿ ಪುಟ್ಟ ಹುಡುಗ ಹುಡುಗಿಯರು ಕಲ್ಲಿದ್ದಲಿನ ಗಾಡಿ ಎಳೆಯುತ್ತಿದ್ದರು. ಅದರ ಚಿತ್ರಗಳು ತನಿಖಾ ಆಯೋಗದ ವರದಿಯಲ್ಲಿ ಅಚ್ಚಾಗಿ ಜನ ಬೆಚ್ಚಿದ ಮೇಲೆಯೇ 1842ರ ಕಾನೂನು ಬಂದು, ಹತ್ತು ವರ್ಷದೊಳಗಿನ ಹುಡುಗರನ್ನೂ ಎಲ್ಲ ಹೆಂಗಸರು ಹುಡುಗಿಯರನ್ನೂ ನೆಲದಡಿಯ ಕೆಲಸದಿಂದ ಬಿಡಿಸಿತು. ಹೊಳೆಯುವ ಹಿತ್ತಾಳೆಯ ಹಿಂದೆ ಒಲೆಗೆ ಇದ್ದಲು ಸುರಿಯುವ ಕೈ ಯಾರದು ಎಂದು ಕೇಳುವ ಸ್ಟೀಮ್‌ಪಂಕ್ ಕಥೆಗೆ ನಾನು ಕೈಮುಗಿಯುತ್ತೇನೆ. ಈ ಪುಸ್ತಕ ಕೇಳುವುದಿಲ್ಲ. ಎರಡು ಅಧ್ಯಾಯ ಕಳೆಯುವಷ್ಟರಲ್ಲಿ ಅದೇ ಹುಡುಗಿ, ಎಲ್ಲ ತಿಳಿದ ಮೇಲೂ, ಅದೇ ಡ್ರ್ಯಾಗನ್ ಏರಿ ಮೋಡಗಳ ನಡುವೆ ನಗುತ್ತಾ ಹಾರುತ್ತಾಳೆ. ಸತ್ತ ಮಕ್ಕಳ ಮಾತು ಮತ್ತೆ ಬರುವುದೇ ಇಲ್ಲ. ನನಗೆ ಅತಿ ಹೆಚ್ಚು ಸಿಟ್ಟು ಬಂದದ್ದು ಇಲ್ಲಿ.

ಕೊನೆಯೂ ಇಲ್ಲ. ಮುತ್ತಿಗೆ ಬಿದ್ದ ಕೋಟೆಯ ಬಾಗಿಲು ಒಡೆಯುವ ಹೊತ್ತಿಗೆ ಪುಟ ಮುಗಿಯುತ್ತದೆ. ಇದು ಮೊದಲ ಭಾಗ ಮಾತ್ರ ಎಂಬ ಸೂಚನೆ ಮುಖಪುಟದಲ್ಲಾಗಲಿ ಬೆನ್ನಪುಟದಲ್ಲಾಗಲಿ ಇಲ್ಲ.

ಇಷ್ಟೆಲ್ಲ ಇದ್ದೂ ಮೊದಲೇ ಹೇಗೆ ತಿಳಿಯಲಿಲ್ಲ? ಪುಸ್ತಕ ಮುಚ್ಚಿಟ್ಟು ಓದುಗರ ಅಭಿಪ್ರಾಯಗಳನ್ನೆಲ್ಲ ಒಂದೊಂದಾಗಿ ಓದಿದೆ. ಐದು ನಕ್ಷತ್ರದವುಗಳಲ್ಲಿ ಬಹುಪಾಲು ಪುಸ್ತಕ ಹೊರಬರುವ ಮೊದಲೇ ಬಿದ್ದವು. ಕೆಲವರು “ಇನ್ನೂ ಓದಿಲ್ಲ, ಆದರೆ ಯಂತ್ರ ಡ್ರ್ಯಾಗನ್!” ಎಂದೇ ಬರೆದಿದ್ದರು. ಹಲವರಿಗೆ ಪ್ರಕಾಶಕರು ಮುಂಗಡ ಪ್ರತಿ ಉಚಿತವಾಗಿ ಕಳಿಸಿದ್ದರು. ಅದನ್ನವರು ಪ್ರಾಮಾಣಿಕವಾಗಿ ತಿಳಿಸಿಯೂ ಇದ್ದರು, ನಾನೇ ಆ ಸಾಲಿನ ಮೇಲೆ ಕಣ್ಣು ಹಾಯಿಸಿರಲಿಲ್ಲ. ಮುಖಪುಟ, ಅಂಚಿನ ಬಂಗಾರದ ಬಣ್ಣ, ಒಳಗಿನ ಚಿತ್ರ, ಇವುಗಳ ಹೊಗಳಿಕೆ ಹೇರಳ. ಒಂದು ನಕ್ಷತ್ರದವರೂ ನೆರವಾಗಲಿಲ್ಲ, ಅವರ ಜಗಳ ಪಾರ್ಸೆಲ್ ತಡವಾದದ್ದರ ಬಗ್ಗೆ.

ಒಬ್ಬರು ಮಾತ್ರ ಎಲ್ಲವನ್ನೂ ಹೇಳಿದ್ದರು. ಮೂರು ನಕ್ಷತ್ರ, ಉದ್ದದ ಬರಹ. ಮಕ್ಕಳ ಸಾವಿನ ದೃಶ್ಯ, ಹನ್ನೆರಡನೆಯ ಅಧ್ಯಾಯ, ಅರ್ಧಕ್ಕೆ ನಿಂತ ಕಥೆ, ಎಲ್ಲವೂ ಅಲ್ಲಿತ್ತು. ಆದರೆ ಅದು ‘ಸ್ಪಾಯ್ಲರ್’, ಅಂದರೆ ಕಥೆಯ ಗುಟ್ಟು ಇದೆ ಎಂದು ಎಚ್ಚರಿಸಿ, ಒತ್ತಿದರೆ ಮಾತ್ರ ತೆರೆಯುವ ಮುಚ್ಚಳದ ಕೆಳಗಿತ್ತು. ಕಥೆಯ ಸುಖ ಕೆಡದಿರಲಿ ಎಂದು ನಾನದನ್ನು ತೆರೆದಿರಲೇ ಇಲ್ಲ. ಇದನ್ನು ದಯವಿಟ್ಟು ನೆನಪಿಡಿ: ನಿಮಗೇ ಓದಲು ಕೊಳ್ಳುವುದಾದರೆ ಮುಚ್ಚಳ ಮುಚ್ಚಿಯೇ ಇರಲಿ. ಮಗುವಿಗೆ ಕೊಡುವುದಾದರೆ ಮೊದಲು ತೆರೆಯಬೇಕಾದದ್ದು ಅದನ್ನೇ. ಡ್ರ್ಯಾಗನ್ ಇದ್ದ ಮಾತ್ರಕ್ಕೆ ಮಕ್ಕಳ ಪುಸ್ತಕವಾಗುವುದಿಲ್ಲ.

ಓದದ ಪುಸ್ತಕಕ್ಕೆ ನಕ್ಷತ್ರ ಹಾಕುವ ರೂಢಿ ಎರಡೂ ಕಡೆ ಕೊಯ್ಯುತ್ತದೆ. 2023ರಲ್ಲಿ ಹೆಸರಾಂತ ಅಮೆರಿಕನ್ ಲೇಖಕಿಯೊಬ್ಬರ ಇನ್ನೂ ಬಿಡುಗಡೆಯಾಗದ ಕಾದಂಬರಿಗೆ ನೂರಾರು ಜನ ಒಂದು ನಕ್ಷತ್ರ ಕೊಟ್ಟರು, ಅವರು ಪ್ರಕಟಣೆಯನ್ನೇ ನಿಲ್ಲಿಸಿದರು. ಹಣ ಕೊಟ್ಟು ಬರೆಸುವ ಸುಳ್ಳು ಅಭಿಪ್ರಾಯಗಳಿಗೆ ದಂಡ ಹಾಕಬಲ್ಲ ನಿಯಮ ಅಮೆರಿಕದಲ್ಲಿ 2024ರ ಅಕ್ಟೋಬರಿನಲ್ಲಿ ಜಾರಿಗೆ ಬಂದಿದೆ. ಒಳ್ಳೆಯದೇ. ಆದರೆ ನನ್ನ ಅಭಿಪ್ರಾಯ ಯಾವ ನಿಯಮಕ್ಕೂ ಸಿಕ್ಕುವಂಥದ್ದಲ್ಲ. ನನಗೆ ಯಾರೂ ಹಣ ಕೊಟ್ಟಿರಲಿಲ್ಲ, ಬರೆದ ಪ್ರತಿ ಮಾತೂ ಆ ಹೊತ್ತಿಗೆ ನಿಜವಾಗಿತ್ತು. ಎಷ್ಟು ಓದಿದ್ದೇನೆ ಎಂಬ ಒಂದು ವಾಕ್ಯ ಮಾತ್ರ ಇರಲಿಲ್ಲ.

ಈಗ ನಾನು ಅಭಿಪ್ರಾಯಗಳಲ್ಲಿ ಮೊದಲು ಹುಡುಕುವುದು ಪುಸ್ತಕದ ಎರಡನೆಯ ಅರ್ಧದ ಸುಳಿವನ್ನು. ಹೊಗಳಿಕೆಯೆಲ್ಲ ಕಾರ್ಖಾನೆಯಲ್ಲೇ ನಿಂತು, ಕೋಟೆಯ ಹೆಸರೇ ಬಾರದಿದ್ದರೆ ಬರೆದವರು ಅಲ್ಲಿಯವರೆಗೆ ಹೋಗಿಲ್ಲ ಎಂದುಕೊಳ್ಳುತ್ತೇನೆ. ಬಿಡುಗಡೆಯಾಗಿ ಕೆಲವು ತಿಂಗಳಾದ ಮೇಲೆ ಬಂದ ಮೂರು ನಕ್ಷತ್ರದ ಬರಹಗಳನ್ನು ಬಿಡದೆ ಓದುತ್ತೇನೆ; ಇಷ್ಟಪಟ್ಟೂ ಕೊರತೆ ಕಂಡವರು ಅಲ್ಲಿ ಸಿಗುತ್ತಾರೆ. ಕಥೆ ಈ ಸಂಪುಟದಲ್ಲೇ ಮುಗಿಯುತ್ತದೆಯೇ ಎಂದು ಓದಿದವರನ್ನು ನೇರವಾಗಿ ಕೇಳುತ್ತೇನೆ.

ನನ್ನ ಹಳೆಯ ಅಭಿಪ್ರಾಯವನ್ನು ಅಳಿಸಿ, ಹನ್ನೆರಡನೆಯ ಅಧ್ಯಾಯದ ಎಚ್ಚರಿಕೆಯನ್ನು ಮೊದಲ ಸಾಲಿನಲ್ಲೇ, ಮುಚ್ಚಳವಿಲ್ಲದೆ ಬರೆದಿದ್ದೇನೆ. ಅಳಿಸುವಾಗ ನೋಡಿದೆ, 41 ಜನ ಅದಕ್ಕೆ ‘ಉಪಯುಕ್ತ’ ಎಂದು ಒತ್ತಿದ್ದರು. ಅವರು ಪುಸ್ತಕವನ್ನು ಯಾರ ಕೈಗೆ ಕೊಟ್ಟರೋ ತಿಳಿಯಲು ನನಗೆ ದಾರಿಯಿಲ್ಲ. ಅವರಲ್ಲಿ ನೀವೂ ಒಬ್ಬರಾಗಿದ್ದು, ಮನೆಯಲ್ಲಿ ಮಗುವೊಂದು ಈಗ ಅದನ್ನು ಓದುತ್ತಿದ್ದರೆ, ಇವತ್ತೇ ಪುಸ್ತಕ ಕೈಗೆ ತೆಗೆದುಕೊಂಡು ಗುರುತಿನ ಚೀಟಿ ಎಷ್ಟನೆಯ ಅಧ್ಯಾಯದಲ್ಲಿದೆ ನೋಡಿ.