ಕೆಪಾಸಿಟರೋ ದಪ್ಪ ತಾಮ್ರದ ವೈರೋ: ಎರಡನ್ನೂ ಹಾಕಿಸಿ ನೋಡಿದ ಮೇಲೆ

ಕಾರಿನ ಆಡಿಯೋಗೆ ಕೆಪಾಸಿಟರ್ (ಒಂದಿಷ್ಟು ವಿದ್ಯುತ್ತನ್ನು ಕೂಡಿಟ್ಟು ಬೇಕಾದಾಗ ಥಟ್ಟನೆ ಕೊಡುವ ಬಿಡಿಭಾಗ) ಹಾಕಿಸಬೇಕೆಂದು ಎತ್ತಿಟ್ಟ ಹಣವನ್ನು ಮೊದಲು ದಪ್ಪ ತಾಮ್ರದ ವೈರಿಗೆ ಖರ್ಚು ಮಾಡಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ವಾರಕ್ಕೆರಡು ಸಲ ರಾತ್ರಿ ಹೆದ್ದಾರಿಯಲ್ಲಿ ಚಿತ್ರದುರ್ಗದಿಂದ ದಾವಣಗೆರೆಗೆ ಮರಳುವ ನನಗೆ, ಹಾಡಿನಲ್ಲಿ ಡೊಳ್ಳಿನ ಪೆಟ್ಟು ಬಿದ್ದಾಗಲೆಲ್ಲ ಆಡಿಯೋ ಹೆಚ್ಚು ವಿದ್ಯುತ್ ಎಳೆದುಕೊಂಡು ಹೆಡ್‌ಲೈಟ್ ಮಂಕಾಗುವುದು ನಿಜಕ್ಕೂ ಭಯ ಹುಟ್ಟಿಸಿತ್ತು.

ಅಂಗಡಿಯವರ ಸಲಹೆಯಂತೆ 3,200 ರೂಪಾಯಿಗೆ 1 ಫ್ಯಾರಡ್ ಕೆಪಾಸಿಟರ್ ಹಾಕಿಸಿದೆ. ಚಿಕ್ಕ ಪೆಟ್ಟುಗಳಿಗೆ ದೀಪದ ಮಿಣುಕು ತುಸು ತಗ್ಗಿತು. ಬೇಸ್ (ಕೆಳಸ್ಥಾಯಿಯ ಸದ್ದು) ಎಳೆದು ನಿಂತರೆ ಮೊದಲಿನಂತೆಯೇ ಮಂಕು. ಲೆಕ್ಕ ಹಾಕಿದಾಗ ಕಾರಣ ತಿಳಿಯಿತು. 14 ವೋಲ್ಟ್‌ನಿಂದ 12ಕ್ಕೆ ಇಳಿಯುವಷ್ಟರಲ್ಲಿ ಅದು ಕೊಡುವುದು 26 ಜೂಲ್ ಮಾತ್ರ. 500 ವಾಟ್ ಎಳೆಯುವ ಆಂಪ್ಲಿಫೈಯರಿಗೆ ಅದು ಒಂದು ಸೆಕೆಂಡಿನ ಇಪ್ಪತ್ತನೆಯ ಒಂದು ಪಾಲಿಗೆ ಸಾಲುತ್ತದೆ. ಖಾಲಿಯಾದದ್ದನ್ನು ಮತ್ತೆ ತುಂಬಬೇಕಾದುದೂ ಎಂಜಿನ್ ಓಡುವಾಗ ಕಾರಿಗೆಲ್ಲ ವಿದ್ಯುತ್ ಉತ್ಪಾದಿಸುವ ಅದೇ ಆಲ್ಟರ್ನೇಟರ್.

ಆದರೆ ನನ್ನನ್ನು ನಿಜವಾಗಿ ಕಾಡಿದ್ದು ಬೇರೆಯೇ. ಬ್ಯಾಟರಿಯ ಟರ್ಮಿನಲ್ ಕಳಚಿದರೆ ಕೆಪಾಸಿಟರ್ ಮೆಲ್ಲನೆ ಬರಿದಾಗುತ್ತದೆ. ಮರುಜೋಡಿಸುವ ಮುನ್ನ ರೆಸಿಸ್ಟರ್ ಅಥವಾ 12 ವೋಲ್ಟಿನ ಬಲ್ಬಿನ ಮೂಲಕ ಅದನ್ನು ನಿಧಾನವಾಗಿ ತುಂಬಬೇಕು. ಸರ್ವಿಸ್‌ಗೆ ಬಿಟ್ಟಾಗ ಇದನ್ನು ಅರಿಯದ ಎಲೆಕ್ಟ್ರಿಷಿಯನ್ ನೇರವಾಗಿ ಟರ್ಮಿನಲ್ ಒತ್ತಿದ್ದರಿಂದ ದೊಡ್ಡ ಕಿಡಿ ಹಾರಿ 60 ಆಂಪ್‌ನ ಫ್ಯೂಸ್ ಸುಟ್ಟಿತು. ಅಂದಿನಿಂದ ಬಾನೆಟ್ ತೆರೆಯುವ ಪ್ರತಿಯೊಬ್ಬರಿಗೂ ಮೊದಲೇ ಎಚ್ಚರಿಸಬೇಕಾಯಿತು, ಒಮ್ಮೆ ಹೇಳಲು ಮರೆತಾಗ ಎರಡನೆಯ ಫ್ಯೂಸೂ ಹೋಯಿತು.

ಬ್ಯಾಟರಿಯನ್ನೂ 35 ಆಂಪಿಯರ್ ಅವರ್‌ನಿಂದ 45ಕ್ಕೆ ಏರಿಸಿದೆ. ಎಂಜಿನ್ ನಿಲ್ಲಿಸಿ ಹಾಡು ಕೇಳುವವರಿಗೆ ಅದು ಒಳ್ಳೆಯದು, ನಾನು ಹಾಗೆ ಕೇಳುವುದಿಲ್ಲ.

ಕೊನೆಗೆ 50 ಹರ್ಟ್ಸ್‌ನ ಸ್ವರ ಹಾಕಿ ಮೀಟರ್ ಹಿಡಿದಾಗ ಬ್ಯಾಟರಿಯಲ್ಲಿ 13.5, ಆಂಪ್ಲಿಫೈಯರಿನಲ್ಲಿ 12.1 ವೋಲ್ಟ್ ತೋರಿತು. ನಡುವಿನದು ದಾರಿಯಲ್ಲೇ ಸೋರುತ್ತಿತ್ತು. ಹಳೆಯ ವೈರಿನ ತುದಿ ಕೆರೆದರೆ ಒಳಗಿದ್ದದ್ದು ಅಪ್ಪಟ ತಾಮ್ರದಷ್ಟು ಚೆನ್ನಾಗಿ ವಿದ್ಯುತ್ ಹರಿಸದ, ತಾಮ್ರ ಲೇಪಿಸಿದ ಅಲ್ಯೂಮಿನಿಯಂ; ವೈರನ್ನು ಕಾರಿನ ಲೋಹಕ್ಕೆ ಕೂಡಿಸುವ ಅರ್ತ್ ಬೋಲ್ಟಿನ ಕೆಳಗೆ ಬಣ್ಣ ಹಾಗೆಯೇ ಇದ್ದು ವಿದ್ಯುತ್ತಿಗೆ ಅಡ್ಡಿಯಾಗಿತ್ತು. ಬಣ್ಣ ಉಜ್ಜಿ, ಅಪ್ಪಟ ತಾಮ್ರದ ದಪ್ಪ ವೈರ್ ಎಳೆಸಿ, ಬ್ಯಾಟರಿಯಿಂದ ಕಾರಿನ ಲೋಹದ ಮೈಗೆ, ಎಂಜಿನ್‌ನಿಂದ ಅದೇ ಮೈಗೆ, ಆಲ್ಟರ್ನೇಟರಿನಿಂದ ಬ್ಯಾಟರಿಗೆ ಹೋಗುವ ಮೂರು ವೈರುಗಳನ್ನೂ ಬದಲಿಸಿದ ಮೇಲೆ ಆಂಪ್ಲಿಫೈಯರಿನಲ್ಲೂ 13.2 ಬಂತು. ಒಟ್ಟು ಖರ್ಚು 4,600 ರೂಪಾಯಿ.

ಕೆಪಾಸಿಟರನ್ನು ಪೂರ್ತಿ ತೆಗೆಸಿದ ಮೇಲೂ ಅದೇ ರಸ್ತೆಯಲ್ಲಿ ಅದೇ ಡೊಳ್ಳು ಕೇಳಿದೆ. ದೀಪ ಕಣ್ಣಿಗೆ ಬೀಳುವಷ್ಟು ಮಂಕಾಗಲಿಲ್ಲ. ಇದಕ್ಕಿಂತ ಬಹಳ ದೊಡ್ಡ ಆಂಪ್ಲಿಫೈಯರ್ ಇಟ್ಟವರು ಆಲ್ಟರ್ನೇಟರನ್ನೇ ದೊಡ್ಡದು ಮಾಡಿಸಬೇಕು, ಅದು ನನ್ನ ಬಜೆಟ್ಟಿಗೆ ಮೀರಿದ್ದು.