ಸ್ಯಾಂಪಲ್ ತುಂಡು ನಂಬಿ ತೊಗಲಿಗೆ ರೊಕ್ಕ ಹಾಕಬ್ಯಾಡ್ರಿ

ಬರೀಲಾಕ ನಾಚಿಕಿ ಆಗ್ಲತ್ತದ. ಕಲಬುರಗಿಯಾಗ ಮನ್ಯಾಗೇ ಕುಂತು ನಾಯಿ ಪಟ್ಟಾ ಹೊಲೀತೀನಿ. ಮುಟ್ಟಿದ್ರ ಸಾಕು ತೊಗಲಿನ ಜಾತಕ ಹೇಳ್ತೀನಿ ಅಂತ ಎಲ್ಲರ ಮುಂದ ಜಂಭ ಕೊಚ್ಚಿದಾಂವ ನಾನೇ.

ಹೋದ ತಿಂಗಳು ಎರಡು ಮುಧೋಳ ನಾಯಿ ಪಟ್ಟಾದ ಆರ್ಡರ್ ಬಂತು. ಅವಕ್ಕ ತಲಿ ಸಣ್ಣದು, ಪಟ್ಟಾ ಜಾರ್ತದ, ಅಗಲಂದೇ ಬೇಕು, ಎರಡು ಪದರಿಂದು. ತಮಿಳುನಾಡಿನ ತೊಗಲಿನ ಊರು ಆಂಬೂರು ಕಡಿಂದ ತರಿಸಿದ್ರ ತಡ ಆಗ್ತದಂತ ಊರಾಗಿನ ಒಬ್ಬ ವ್ಯಾಪಾರಿ ಹತ್ರ ಹೋದೆ. ಅಂವ ಕೊಟ್ಟ ಸ್ಯಾಂಪಲ್ ಅಂಗೈ ಅಷ್ಟಗಲ. ಏನ್ ಛಂದಿತ್ತು ಅಂತೀರಿ! ತೊಗಟಿ ನೀರಾಗ ಹದಾ ಮಾಡಿದ್ದು, ಕೊಯ್ದ ಅಂಚು ಮೇಲಿಂದ ಕೆಳಗಿನ ತನಕ ಒಂದೇ ಕಂದು, ಉಗುರು ಒತ್ತಿದ್ರ ಗೆರಿ ನಿಂತ್ಕೋತಿತ್ತು. 20 ಚದರಡಿಗೆ 3,200 ರೂಪಾಯಿ, ಪೂರಾ ಅಡ್ವಾನ್ಸ್ ಫೋನ್‌ಪೇ ಮಾಡ್ದೆ. ಪೂರಾ ಮಾಡಬಾರದಿತ್ತು. ಗೊತ್ತದ್ರಿ, ಬೈಬ್ಯಾಡ್ರಿ.

ಸುರುಳಿ ಬಂತು. ರಾತ್ರಿ ಕರೆಂಟ್ ಇಲ್ಲ, ಮೊಬೈಲ್ ಬೆಳಕಿನಾಗೇ ಕೊಯ್ದೆ, ಸೊಲ್ಯೂಷನ್ ಹಚ್ಚಿ ಅಂಟಿಸ್ದೆ, ಎರಡು ಸೂಜಿ ಹಾಕಿ ಹೊಲ್ದೆ. ಒಳ್ಳೆ ತೊಗಲಾದ್ರ ಅಂಚಿಗೆ ನೀರು ಹಚ್ಚಿ ಕಟ್ಟಿಗಿಲೆ ತಿಕ್ಕಿದ್ರ ಮಿರಿ ಮಿರಿ ಮಿಂಚ್ತದ. ಇದು ನಾರು ನಾರು ಎದ್ದಿತು. ಅಲ್ಲೇ ತಿಳೀಬೇಕಿತ್ತು. ಅಲ್ಲೇ! ಮ್ಯಾಲ ಕಪ್ಪು ಬಣ್ಣ ಬಳದು ಕೊಟ್ಟುಬಿಟ್ಟೆ.

ಎಂಟು ದಿನಕ್ಕ ಗಿರಾಕಿ ಫೋನ್. ಅಪ್ಪನ ಕೆರಿ ಹತ್ರ ನಾಯಿ ಬೆಕ್ಕು ಕಂಡು ಜಗ್ಗೇದ, ಹಗ್ಗ ಸಿಗಿಸೋ ಡಿ ರಿಂಗ್ ಕಿತ್ತು ಕೈಗೆ ಬಂದದ. ನಾಯಿ ಸಿಕ್ತು, ಪುಣ್ಯ. ಪಟ್ಟಾ ತಂದು ನೋಡ್ದೆ. ನನ್ನ ಹೊಲಿಗಿ ಒಂದೂ ಬಿಚ್ಚಿಲ್ಲ, ತೊಗಲೇ ಹರದದ. ಒಳಗ ನೀಲಿ-ಬೂದಿ ಬಣ್ಣ, ಸ್ಯಾಂಪಲ್‌ನಂಗ ಕಂದಲ್ಲ. ಕಡ್ಡಿ ಗೀರಿ ಹಿಡದ್ರ ಮೇಲಿಂದು ಪ್ಲಾಸ್ಟಿಕ್ ಹಂಗ ಕರಗ್ತು, ಕೆಳಗಿಂದು ಕೂದಲು ಸುಟ್ಟ ವಾಸನಿ. ಗಟ್ಟಿ ಪದರು ಸೀಳಿ ತಗದ ಮ್ಯಾಲ ಉಳಿದ ಸ್ಪ್ಲಿಟ್‌ಗೆ ಬಣ್ಣದ ಪದರು ಹಚ್ಚಿ ನನ್ನ ತಲಿಗಿ ಕಟ್ಟ್ಯಾನ!

ವ್ಯಾಪಾರಿಗಿ ಫೋನ್ ಮಾಡ್ದೆ. "ಎಲ್ಲಾ ತೊಗಲೂ ಹಿಂಗೇ ಇರ್ತದ ಸರ." ಫೋಟೊ ಕಳಿಸ್ದೆ. "ಸ್ಯಾಂಪಲ್ ಬ್ಯಾರೆ ಲಾಟಿಂದು ಇರ್ಬೇಕ್ರಿ." ಮರುದಿನ, "ಕೊಯ್ದ ಮಾಲು ವಾಪಸ್ ತಗೊಳ್ಳಂಗಿಲ್ಲ." ಕೊಯ್ಯದೇ ಗೊತ್ತಾಗೋದು ಹ್ಯಾಂಗೋ ಮಾರಾಯಾ? ಕಡಿಗೆ ನಕ್ಕೋತ ಅಂದ, "ನಾಯಿಗಿ ಹಾಕೋದಲ್ರಿ ಸರ, ಅದಕ್ಕೇನ್ ಗೊತ್ತಾಗ್ತದ?"

ನಾಯಿಗಿ ಗೊತ್ತಾಗಲಿಲ್ಲ, ಖರೇ. ನನಗೂ ಆಗಲಿಲ್ಲಲ್ಲ. ಆ ನಗು ಇನ್ನೂ ಕಿವ್ಯಾಗದ.

ತೊಗೊಳ್ಳೋರು ನಿಮ್ಮ ಕಣ್ಣ ಮುಂದೇ ಸುರುಳಿಯಿಂದ ತುಂಡು ಕೊಯ್ಸಿರಿ, ಹಗಲಿನಾಗ. ಒಳಗಿನ ಬಣ್ಣ ನೋಡ್ರಿ. ಮೇಲ ಒಂದು ಹನಿ ನೀರು ಬಿಡ್ರಿ, ತೊಗಟಿ ಹದದ್ದು ಹೀರ್ಕೊಂಡು ಕಪ್ಪಾಗ್ತದ. ನನಗ ಸಿಕ್ಕಂಥಾ ಬಣ್ಣದ ಪದರು ಹಚ್ಚಿದ್ದರ ಮ್ಯಾಲ ಹನಿ ಗುಂಡಿನಂಗ ಉಳ್ಳಾಡ್ತದ. ಅರ್ಧಕ್ಕಿಂತ ಹೆಚ್ಚು ರೊಕ್ಕ ಮೊದಲೇ ಕೊಡಬ್ಯಾಡ್ರಿ.

ಗಿರಾಕಿಗಳ ರೊಕ್ಕ ವಾಪಸ್ ಕೊಟ್ಟೀನಿ. ಉಳದ ತೊಗಲು ನಮ್ಮಾಕಿ ಬಾಗಲ ಮುಂದ ಹಾಸ್ಯಾಳ, ಬಂದೋರು ಚಪ್ಪಲಿ ಬಿಡ್ಲಾಕ.