ಒಂಬತ್ತನೇ ತರಗತಿಯ ಕಂಪ್ಯೂಟರ್ ಐಚ್ಛಿಕ ವಿಷಯ: ಕೋಡ್ ಕೇಳದೆ ಹಣ ಕಟ್ಟಬೇಡಿ

ನನ್ನ ಮಗಳು ಬೆಂಗಳೂರಿನ ಒಂದು ಸಿಬಿಎಸ್‌ಇ ಶಾಲೆಯಲ್ಲಿ ಒಂಬತ್ತನೇ ತರಗತಿಗೆ ಬಂದಾಗ ಶಾಲೆಯವರು ಪೋಷಕರ ಸಭೆ ಕರೆದು, ಆರನೇ ವಿಷಯವಾಗಿ ‘ಎಐ ಮತ್ತು ರೋಬೋಟಿಕ್ಸ್’ ತೆಗೆದುಕೊಳ್ಳಬಹುದೆಂದೂ, ಹೊರಗಿನ ಸಂಸ್ಥೆಯೊಂದರವರು ಬಂದು ಪಾಠ ಮಾಡುವರೆಂದೂ, ಅದಕ್ಕೆ ವರ್ಷಕ್ಕೆ 18,000 ರೂಪಾಯಿ ಪ್ರತ್ಯೇಕವಾಗಿ ಕಟ್ಟಬೇಕೆಂದೂ ತಿಳಿಸಿದರು. ಕೈಗೆ ಕೊಟ್ಟ ಬಣ್ಣದ ಕರಪತ್ರದಲ್ಲಿ ವಿಷಯದ ಕೋಡ್, ಅಂದರೆ ಬೋರ್ಡು ಪ್ರತಿ ವಿಷಯಕ್ಕೂ ಕೊಡುವ ಸಂಖ್ಯೆ, ಒಂದನ್ನು ಬಿಟ್ಟು ಉಳಿದೆಲ್ಲವೂ ಇತ್ತು.

ಸಿಬಿಎಸ್‌ಇ ಒಂಬತ್ತು ಮತ್ತು ಹತ್ತನೇ ತರಗತಿಗಳಿಗೆ ಕಂಪ್ಯೂಟರಿನ ಮೂರು ವಿಷಯಗಳನ್ನು ಇಟ್ಟಿದೆ: ಇನ್ಫರ್ಮೇಷನ್ ಟೆಕ್ನಾಲಜಿ (402), ಆರ್ಟಿಫಿಷಿಯಲ್ ಇಂಟೆಲಿಜೆನ್ಸ್ (417) ಮತ್ತು ಕಂಪ್ಯೂಟರ್ ಅಪ್ಲಿಕೇಷನ್ಸ್ (165). ಇವುಗಳಲ್ಲಿ ಒಂದನ್ನು ಮಾತ್ರ ಆಯ್ದುಕೊಳ್ಳಬಹುದು. 402 ಮತ್ತು 417 ಕೌಶಲ ವಿಷಯಗಳು; ಇವುಗಳಲ್ಲಿ ಒಂದಾದರೆ 50 ಅಂಕ ಲಿಖಿತ ಪರೀಕ್ಷೆಗೆ, 50 ಅಂಕ ಪ್ರಾಯೋಗಿಕಕ್ಕೆ. ಅದಕ್ಕಿಂತ ದೊಡ್ಡ ಅನುಕೂಲವೆಂದರೆ, ಗಣಿತ, ವಿಜ್ಞಾನ, ಸಮಾಜ ವಿಜ್ಞಾನಗಳಲ್ಲಿ ಒಂದರಲ್ಲಿ ಮಗು ಅನುತ್ತೀರ್ಣವಾದರೂ ಆರನೆಯದಾಗಿ ಓದಿದ ಈ ಕೌಶಲ ವಿಷಯದಲ್ಲಿ ಉತ್ತೀರ್ಣವಾಗಿದ್ದರೆ ಅದನ್ನು ಆ ವಿಷಯದ ಬದಲಿಗೆ ಪರಿಗಣಿಸುತ್ತಾರೆ. ಗಣಿತವೆಂದರೆ ಹೆದರುವ ಮಗಳಿಗಾಗಿ ನಾನು ಹಣ ಕಟ್ಟಿದ್ದೇ ಈ ಆಸೆಯಿಂದ.

ಪಾಠ ನಡೆದ ರೀತಿಯಲ್ಲಿಯೇ ನನಗೆ ಅನುಮಾನ ಬರಬೇಕಿತ್ತು. 38 ಮಕ್ಕಳಿಗೆ ಕೆಲಸ ಮಾಡುವ ಕಂಪ್ಯೂಟರುಗಳು 11. ಹೀಗಾಗಿ ಹೆಚ್ಚಿನ ದಿನ ಮಕ್ಕಳು ಬೋರ್ಡಿನ ಮೇಲಿದ್ದ, ಪೈಥಾನ್ ಎಂಬ ಕಂಪ್ಯೂಟರ್ ಭಾಷೆಯ ಪ್ರೋಗ್ರಾಮುಗಳನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದರು. ಪೈಥಾನಿನಲ್ಲಿ ಸಾಲಿನ ಮೊದಲಿಗೆ ಬಿಡುವ ಜಾಗಕ್ಕೂ ಅರ್ಥವಿದೆ. ‘ಇಫ್’ ಸಾಲಿನ ಕೆಳಗಿನದನ್ನು ಒಳಕ್ಕೆ ಸರಿಸದಿದ್ದರೆ ಪ್ರೋಗ್ರಾಂ ಓಡುವುದೇ ಇಲ್ಲ. ನನ್ನ ಮಗಳ ಪುಸ್ತಕದಲ್ಲಿ ಎಲ್ಲ ಸಾಲುಗಳೂ ಮಾರ್ಜಿನ್ನಿಗೆ ಅಂಟಿಕೊಂಡು ನಿಂತಿದ್ದವು, ಪ್ರತಿ ಪುಟದ ಕೆಳಗೂ ಕೆಂಪು ಶಾಯಿಯಲ್ಲಿ ‘ಗುಡ್’ ಎಂದು ಬರೆದಿತ್ತು. ರೋಬೋಟಿನ ಪೆಟ್ಟಿಗೆ ತೆರೆದದ್ದು ವಸ್ತುಪ್ರದರ್ಶನದ ದಿನ ಮಾತ್ರ.

ಹತ್ತನೇ ತರಗತಿಯಲ್ಲಿ, ಎರಡನೇ ವರ್ಷದ ಹಣವನ್ನೂ ಕಟ್ಟಿಯಾದ ಮೇಲೆ, ಸಿಬಿಎಸ್‌ಇಗೆ ಕಳಿಸುವ ಪರೀಕ್ಷಾರ್ಥಿಗಳ ಪಟ್ಟಿಯ ಪ್ರತಿ ಸಹಿಗೆಂದು ಮನೆಗೆ ಬಂತು. ಅದರಲ್ಲಿದ್ದವು ಐದೇ ವಿಷಯಗಳು. ವಿಚಾರಿಸಿದಾಗ ಕಚೇರಿಯವರು, “ಅದು ಆಡ್-ಆನ್ ಕೋರ್ಸ್ ಸಾರ್, ಬೋರ್ಡಿನದಲ್ಲ. ಸರ್ಟಿಫಿಕೇಟ್ ಕಂಪನಿಯವರೇ ಕೊಡ್ತಾರೆ” ಎಂದರು. ಒಂಬತ್ತನೇ ತರಗತಿಯ ನೋಂದಣಿಯಲ್ಲಿಯೇ ಇಲ್ಲದ ವಿಷಯವನ್ನು ಈಗ ಸೇರಿಸಲಾಗದೆಂದೂ ಹೇಳಿದರು. ಆ ನೋಂದಣಿಯ ಪ್ರತಿಗೆ ಸಹಿ ಹಾಕಿದವನು ನಾನೇ. ಮಗಳ ಹೆಸರಿನ ಕಾಗುಣಿತ ಮತ್ತು ಹುಟ್ಟಿದ ದಿನಾಂಕ ಸರಿಯಿವೆಯೇ ಎಂದು ನೋಡಿ ಕೆಳಗಿನದನ್ನು ಓದದೆ ಬಿಟ್ಟಿದ್ದೆ. ಹಣ ಮರಳಿ ಬರಲಿಲ್ಲ.

ಆದ್ದರಿಂದ ಹಣ ಕಟ್ಟುವ ಮೊದಲು ವಿಷಯದ ಕೋಡನ್ನು ಬರಹದಲ್ಲಿಯೇ ಕೇಳಿ ಪಡೆಯಿರಿ, ಒಂಬತ್ತನೇ ತರಗತಿಯ ನೋಂದಣಿಯ ಪ್ರತಿಯಲ್ಲಿ ಅದೇ ಕೋಡ್ ಇದೆಯೇ ಎಂದು ನೋಡಿಯೇ ಸಹಿ ಹಾಕಿರಿ. 402 ಮತ್ತು 417ರ ಪಠ್ಯಕ್ರಮ ಸಿಬಿಎಸ್‌ಇ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಶಾಲೆಯಲ್ಲಿ ಕಲಿಸುತ್ತಿರುವುದನ್ನು ಅದರೊಡನೆ ಹೋಲಿಸಲು ಅರ್ಧ ಗಂಟೆ ಸಾಕು. ಈಗಾಗಲೇ ಮೋಸಹೋಗಿದ್ದರೆ ಮಗುವಿನ ಮುಂದಿನ ದಾರಿ ಮುಚ್ಚಿತೆಂದು ಗಾಬರಿಯಾಗಬೇಕಿಲ್ಲ: ಹನ್ನೊಂದನೇ ತರಗತಿಯ ಕಂಪ್ಯೂಟರ್ ಸೈನ್ಸ್ (083) ಪೈಥಾನನ್ನು ಮೊದಲಿನಿಂದಲೇ ಕಲಿಸುತ್ತದೆ.

ಈ ವರ್ಷ ನನ್ನ ಮಗ ಒಂಬತ್ತಕ್ಕೆ ಬಂದಿದ್ದಾನೆ. ಕಳೆದ ವಾರ ಅದೇ ಕರಪತ್ರ ಹೊಸ ಬಣ್ಣದಲ್ಲಿ ಬಂತು. ಕೋಡ್ ಯಾವುದೆಂದು ಡೈರಿಯಲ್ಲಿ ಬರೆದು ಕಳಿಸಿದ್ದೇನೆ. ಕೆಳಗೆ ಶಿಕ್ಷಕಿಯ ಸಹಿ ಮಾತ್ರ ಬಂದಿದೆ.